ಮಂಡಿಗೆ ಇಂಜೆಕ್ಷನ್: ಒಪ್ಪಿಕೊಳ್ಳುವ ಮೊದಲು ತಿಳಿದಿರಲಿ

ಬೆಳಗ್ಗೆ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆದು ಏಳುವಾಗ ಕೊಟ್ಟಿಗೆಯ ಗೋಡೆ ಹಿಡಿಯಬೇಕಾಗುತ್ತಿದೆಯೇ? ಎದ್ದ ಮೇಲೆ ಮಂಡಿ ಬಿಗಿದುಕೊಂಡು, ನಾಲ್ಕು ಹೆಜ್ಜೆ ನಡೆದ ನಂತರ ಸಡಿಲವಾಗುತ್ತದೆಯೇ? ನಲವತ್ತೈದು ದಾಟಿದ ಹೆಣ್ಣುಮಕ್ಕಳಲ್ಲಿ ಇದಕ್ಕೆ ಬಹುಮಟ್ಟಿಗೆ ಕಾರಣ ಮಂಡಿ ಸವೆತ. ಪೇಟೆಯ ಆಸ್ಪತ್ರೆಗೆ ಹೋದರೆ ‘ಮಂಡಿಗೇ ಒಂದು ಇಂಜೆಕ್ಷನ್ ಹಾಕೋಣ’ ಎನ್ನುವುದು ಈಗ ಸಾಮಾನ್ಯ. ಕೆಲವಕ್ಕೆ ಖರ್ಚು ಕಡಿಮೆ, ಕೆಲವಕ್ಕೆ ತಿಂಗಳ ಹಾಲಿನ ಬಟವಾಡೆಯೂ ಸಾಲದು. ಯಾವ ಇಂಜೆಕ್ಷನ್ ಎಂದು ಹೆಸರು ಕೇಳಿಯೇ ಮುಂದುವರಿಯಿರಿ.

ಮಂಡಿಯೊಳಗೆ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದು ತೆಳುವಾಗಿ, ಕೀಲು ಊದಿಕೊಂಡಾಗ ನೋವು ಬರುತ್ತದೆ. ಸವೆದ ಹೊದಿಕೆಯನ್ನು ಮತ್ತೆ ಬೆಳೆಸುತ್ತದೆ ಎಂದು ಖಚಿತವಾದ ಇಂಜೆಕ್ಷನ್ ಇಂದಿಗೂ ಇಲ್ಲ. ಈಗ ಕೊಡುವುದೆಲ್ಲ ನೋವಿಗೆ.

ಹಳೆಯದು, ಅಗ್ಗದ್ದು ಸ್ಟೀರಾಯ್ಡ್. ಬಾವು ಇರುವ ಮಂಡಿಗೆ ಕೆಲವೇ ದಿನಗಳಲ್ಲಿ ಆರಾಮ ಕೊಡುತ್ತದೆ. ಆದರೆ ಅದು ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು. ಕೆಚ್ಚಲು ಬಾವು ಬಂದ ಹಸುವಿಗೆ ಬರೀ ನೋವಿನ ಇಂಜೆಕ್ಷನ್ ಕೊಟ್ಟರೆ ಅದು ಹಾಯಾಗಿ ನಿಂತೀತು, ಬಾವಿನ ಮೂಲ ಹೋಗದು, ಇದೂ ಹಾಗೆಯೇ. ಅಮೆರಿಕದಲ್ಲಿ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್ ಕೊಟ್ಟು ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬರೀ ಸಲೈನ್ ಪಡೆದವರಿಗಿಂತ ಇವರ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ನೋವು ಮರುಕಳಿಸಿದಾಗಲೆಲ್ಲ ಹೋಗಿ ಚುಚ್ಚಿಸಿಕೊಳ್ಳುವುದು ಬೇಡ ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ಮಾತು ನೆನಪಿಡಿ. ಸ್ಟೀರಾಯ್ಡ್ ಹಾಕಿಸಿಕೊಂಡ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ, ಆ ದಿನಗಳಲ್ಲಿ ಪರೀಕ್ಷೆ ಮಾಡಿಸಿ.

ಎರಡನೆಯದು ಜೆಲ್ ಇಂಜೆಕ್ಷನ್. ಕೀಲಿನ ದ್ರವದಲ್ಲಿ ಸಹಜವಾಗಿಯೇ ಇರುವ ಹೈಯಲುರಾನಿಕ್ ಆಮ್ಲವನ್ನು ಹೊರಗಿನಿಂದ ತುಂಬುವುದು. ‘ಎಣ್ಣೆ ಬಿಟ್ಟ ಹಾಗೆ’ ಎಂದು ಹೇಳಿದರೆ ನಂಬಿಕೆ ಬರುತ್ತದೆ ನಿಜ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸುಳ್ಳು ಇಂಜೆಕ್ಷನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಕ್ಕೆ ಬಾರದಷ್ಟು ಚಿಕ್ಕದು.

ಮೂರನೆಯದು ಪಿ.ಆರ್.ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ಮಂಡಿಗೆ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ವರ್ಷದ ಕೊನೆಗೆ ಪಿ.ಆರ್.ಪಿ. ಪಡೆದವರಿಗೂ ಸಲೈನ್ ಪಡೆದವರಿಗೂ ಹೆಚ್ಚು ಕಡಿಮೆ ಒಂದೇ ಫಲ. ಸಲೈನ್ ಪಡೆದವರಿಗೂ ನೋವು ಇಳಿದಿತ್ತು! ಪಕ್ಕದ ಮನೆಯವರಿಗೆ ವಾಸಿಯಾಯಿತು ಎಂಬ ಮಾತನ್ನು ತೂಗುವಾಗ ಇದೂ ನೆನಪಿರಲಿ. ಇದಕ್ಕಾಗಿ ಕರು ಮಾರುವುದು, ಸಾಲ ಮಾಡುವುದು ಬೇಡವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಸ್ಟೀರಾಯ್ಡ್ ದಂಡವೇ? ಅಲ್ಲ. ಅದು ಕೊಡುವ ಆರಾಮದ ವಾರಗಳಲ್ಲಿ ತೊಡೆಯ ಸ್ನಾಯು ಗಟ್ಟಿ ಮಾಡಿಕೊಂಡರೆ ಲಾಭವುಂಟು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದು, ನಿಧಾನ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ಎರಡು ಹೊತ್ತು. ಡೇರಿಯಲ್ಲಿ ಹಾಲು ಹಾಕಲು ಕಾಯುವಾಗ ಕಟ್ಟೆಯ ಮೇಲೂ ಆಗುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಹಾಲು ಕರೆಯಲು, ಮಂಡಿ ಪೂರ್ತಿ ಮಡಚಬೇಕಾಗದಷ್ಟು ಎತ್ತರದ ಮಣೆ ಮಾಡಿಸಿಕೊಳ್ಳಿ.

ಮಂಡಿಯ ಚರ್ಮದ ಮೇಲೆ ಗಾಯ, ಕೀವು ಇದ್ದರೆ ಅಥವಾ ಜ್ವರವಿದ್ದರೆ ಇಂಜೆಕ್ಷನ್ ಮುಂದೂಡಿ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಹತ್ತಿರದಲ್ಲಿದ್ದರೆ ಮೊದಲೇ ತಿಳಿಸಿ. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ನೋವು ಸಹಜ. ಆದರೆ ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ, ಚಳಿಜ್ವರ ಬಂದರೆ ಕೀಲಿನೊಳಗೆ ಸೋಂಕು ಸೇರಿರಬಹುದು. ಸಂಜೆಯ ಹಾಲು ಮನೆಯವರು ಕರೆಯಲಿ, ನೀವು ಅಂದೇ ಆಸ್ಪತ್ರೆಗೆ ಹೋಗಿ.