ನೆಮ್ಮದಿಗೆ ಅಂಕ ಕೊಡುವುದು ಹೇಗೆ?

ಮುಂಬಯಿಯ ಸಯನ್‌ನ ಗೋಕುಲದಲ್ಲಿ, ಬಿ.ಎಸ್.ಕೆ.ಬಿ. ಅಸೋಸಿಯೇಶನ್ನಿನ ಗೋಪಾಲಕೃಷ್ಣ ಮಂದಿರಕ್ಕೆ ಭಜನೆಗೆಂದು ಬರುವ ಹಿರಿಯರು ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದರೆ ಅದನ್ನು ಅನುಮಾನಿಸಬೇಕಿಲ್ಲ. ಆದರೆ ಆ ನೆಮ್ಮದಿ ಬಂದದ್ದು ಭಕ್ತಿಯಿಂದಲೋ, ಹಾಡಿನಿಂದಲೋ, ಪಕ್ಕದಲ್ಲಿ ಕೂತು ಊರಿನ ಸುದ್ದಿ ವಿಚಾರಿಸುವವರಿಂದಲೋ? ಅಧ್ಯಾತ್ಮವನ್ನು ಅಳೆಯಹೊರಟವರು ಎಡವುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 18 ದೇಶಗಳ 5,000ಕ್ಕೂ ಹೆಚ್ಚು ಜನರನ್ನು ಕೇಳಿ ರೂಪಿಸಿದ 32 ಪ್ರಶ್ನೆಗಳ ಮಾಪಕದಲ್ಲಿ ಶ್ರದ್ಧೆಯ ಜೊತೆ ಒಳಗಿನ ಶಾಂತಿ, ಭರವಸೆ, ಬದುಕಿನ ಅರ್ಥಗಳೂ ಸೇರಿವೆ. ಬದುಕಿನ ಗುಣಮಟ್ಟ ತಿಳಿಯಲು ಇದು ಸಾಕು. ಅದೇ ಅಂಕವನ್ನು ನೆಮ್ಮದಿಯ ಕಾರಣವೆಂದು ತೋರಿಸಿದರೆ ಮಾತ್ರ, ನೆಮ್ಮದಿಯಿರುವವರಿಗೆ ನೆಮ್ಮದಿಯಿದೆ ಎಂದು ಸಾಬೀತು ಮಾಡಿದಂತಾಗುತ್ತದೆ! ಈ ದೋಷವನ್ನು 2008ರಲ್ಲಿ ಬಿಡಿಸಿ ಹೇಳಿದ ಅಮೆರಿಕದ ಮನೋವೈದ್ಯ ಹೆರಾಲ್ಡ್ ಕೋನಿಗ್ ಧರ್ಮದ ವಿರೋಧಿಯಲ್ಲ. ಧರ್ಮ ಮತ್ತು ಆರೋಗ್ಯದ ಸಂಬಂಧವನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು.

ಹಾಗಾದರೆ ಮನಸ್ಸಿನ ಸ್ಥಿತಿಯನ್ನು ಬಿಟ್ಟು ಮೊದಲು ನಡೆಯನ್ನು ಕೇಳಬೇಕು: ವಾರಕ್ಕೆ ಎಷ್ಟು ಸಲ ಮಂದಿರಕ್ಕೆ ಹೋಗುತ್ತೀರಿ, ಜಪ ಮಾಡುತ್ತೀರಾ, ಒಬ್ಬರೇ ಮಾಡುತ್ತೀರೋ ಜೊತೆಯಲ್ಲೋ? ಅಮೆರಿಕದ 74,534 ನರ್ಸುಗಳನ್ನು 16 ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಾರಿ ಹಿಡಿಯಿತು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನೆಗೆ ಹೋಗುವವರಲ್ಲಿ ಸಾವಿನ ಪ್ರಮಾಣ, ಎಂದೂ ಹೋಗದವರಿಗಿಂತ ಶೇ. 33ರಷ್ಟು ಕಡಿಮೆಯಿತ್ತು. ಗಟ್ಟಿಮುಟ್ಟಾಗಿರುವವರು ತಾನೇ ಹೋಗಬಲ್ಲವರು ಎಂಬ ಆಕ್ಷೇಪ ನ್ಯಾಯವಾದದ್ದೇ. ಮೊಣಕಾಲು ನೋವಿನವರಿಗೆ ಸಯನ್ ಸ್ಟೇಶನ್ನಿನ ಮೆಟ್ಟಿಲೇ ಅಡ್ಡಿ. ಆದ್ದರಿಂದಲೇ ಸಂಶೋಧಕರು ಹಿಂದಿನ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆಗಲೂ ವ್ಯತ್ಯಾಸ ಉಳಿಯಿತು. ಜನರ ಒಡನಾಟ ಅದರಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ವಿವರಿಸಿತು. ಹಾಗೆಂದು ಉಳಿದದ್ದೆಲ್ಲ ದೇವರ ಪಾಲಿಗೆ ಎನ್ನುವಂತಿಲ್ಲ. ಸಿಗರೇಟಿನಿಂದ ದೂರವಿರುವುದಕ್ಕೂ ಅಷ್ಟೇ ಪಾಲಿತ್ತು.

ಅಳತೆ ಭಕ್ತರಿಗೆ ಹಿತವಾಗಿಯೇ ಇರಬೇಕೆಂದಿಲ್ಲ. ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಪರಿಚಿತರ ಪ್ರಾರ್ಥನೆಯಿಂದ ಲಾಭವಾಗಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳು ತುಸು ಹೆಚ್ಚೇ ಕಂಡವು. ಅನುಭಾವವನ್ನು ಅಂಕಿಗೆ ಇಳಿಸುವುದೇ ಅಪಚಾರ ಎನ್ನುವವರೂ ಇದ್ದಾರೆ. ಆದರೆ ಇಲ್ಲಿ ಅಳೆಯುತ್ತಿರುವುದು ಅನುಭಾವವನ್ನಲ್ಲ, ಅದು ಬದುಕಿನಲ್ಲಿ ಬಿಟ್ಟ ಗುರುತನ್ನು. ಸಯನ್ ಆಸ್ಪತ್ರೆಯ ವೈದ್ಯರು ರೋಗಿಗೆ ಭಜನೆ ಬರೆದುಕೊಡಲು ಈ ಪುರಾವೆ ಸಾಲದು. ಭಜನೆಗೆ ಹೋಗುತ್ತಿದ್ದವರು ಯಾಕೆ ಬಿಟ್ಟಿರಿ ಎಂದು ವಿಚಾರಿಸಲು ಧಾರಾಳ ಸಾಕು.