ನೆಲದಡಿಯ ನೀರು ಮತ್ತು ವಿಲೋಮ ಗಣಿತ

ಕ್ರಿ. ಶ. ೧೦೨೫ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವೆಂಬ ಕನ್ನಡ ಗ್ರಂಥದಲ್ಲಿ ಉದಕಾರ್ಗಳದ ವಿಚಾರವೂ ಬರುತ್ತದೆ. ನೆಲದ ಮೇಲಣ ಗಿಡಮರ, ಹುತ್ತ ಮೊದಲಾದ ಕುರುಹುಗಳಿಂದ ನೆಲದಡಿಯ ನೀರನ್ನು ಗುರುತಿಸುವ ಬಗೆಯೇ ಅದರ ವಿಷಯ. ಅದಕ್ಕೂ ಸುಮಾರು ಐದು ಶತಮಾನಗಳ ಹಿಂದೆ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ಇದನ್ನೇ ವಿಸ್ತಾರವಾಗಿ ಹೇಳಿದ್ದನು. ಅಲ್ಲಿಯ ಲಕ್ಷಣಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವುವೆಂದಲ್ಲ; ಆದರೆ ಅವು ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಕಾಣುವ ಕಾರ್ಯದಿಂದ ಕಾಣದ ಕಾರಣವನ್ನು ಊಹಿಸುವುದು ಹೇಗೆ? ಆ ಊಹೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಹುತ್ತದ ಸ್ಥಾನದಲ್ಲಿ ಇಂದು ವಿದ್ಯುತ್ಕಾಂತೀಯ ಮಾಪನ ಬಂದಿದೆ. ಜಲಶೋಧಕನ ಸ್ಥಾನದಲ್ಲಿ ಗಣಕಯಂತ್ರ ಬಂದಿದೆ. ಪ್ರಶ್ನೆ ಮಾತ್ರ ಅದೇ ಆಗಿದೆ.

ಪುಣೆಯ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ನಗರದ ದಕ್ಷಿಣಕ್ಕೆ, ಸಾತಾರಾ ಕೊಲ್ಹಾಪುರಗಳ ಮೇಲೆ ಬೆಳಗಾವಿಗೆ ಹೋಗುವ ಹಾದಿಯ ಬದಿಯಲ್ಲಿ ಧನಕವಡಿ ಇದೆ. ಅದರ ನೆರೆಯ ಕಾತ್ರಜ ಕೆರೆಯಿಂದ ಪೇಶ್ವೆಯರು ಹದಿನೆಂಟನೆಯ ಶತಮಾನದಲ್ಲಿ ನೆಲದಡಿಯ ಕಾಲುವೆಯ ಮೂಲಕ ಶನಿವಾರವಾಡೆಯವರೆಗೆ ನೀರು ತಂದಿದ್ದರು. ಅಂದು ಹಳ್ಳಿಯಾಗಿದ್ದ ಧನಕವಡಿ ಇಂದು ಮನೆಗಳು ಒತ್ತೊತ್ತಾಗಿ ನಿಂತ ಬಡಾವಣೆ. ಇಂಥ ಕಡೆ ಕೊಳವೆ ಬಾವಿ ತೆಗೆಯಿಸುವವರು ಮೊದಲು ಕೇಳುವುದು, 'ಎಷ್ಟು ಆಳದಲ್ಲಿ ನೀರಿದೆ?' ಎಂದು. ಈ ಪ್ರಶ್ನೆಗೆ ವಿಜ್ಞಾನವು ಕೊಡಬಲ್ಲ ಉತ್ತರದ ಸ್ವರೂಪವನ್ನು ತಿಳಿಯುವುದು ಅಗತ್ಯ.

ಧನಕವಡಿಯ ನೆಲದಡಿಯಲ್ಲಿರುವುದು ದಖನ್ನಿನ ಬಸಾಲ್ಟು ಶಿಲೆ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪ್ರವಾಹಗಳು ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿ, ಈಗಲೂ ಸುಮಾರು ೫ ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿವೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಕಾಣುವ ಕರಿಯ ಕಲ್ಲೂ ಇದೇ. ಒಂದೊಂದು ಪ್ರವಾಹದ ಒಡಲು ಸಾಮಾನ್ಯವಾಗಿ ಗಟ್ಟಿಯಾದ ಘನಶಿಲೆ. ಅದರ ಮೇಲ್ಭಾಗ ಅನಿಲದ ಗುಳ್ಳೆಗಳಿಂದ ತೂತುತೂತಾದ ಕಲ್ಲು. ಎರಡು ಪ್ರವಾಹಗಳ ನಡುವೆ ಕೆಲವೆಡೆ ಕೆಂಪು ಜೇಡಿಯ ತೆಳುಪದರ ಇರುವುದುಂಟು. ನೀರು ನಿಲ್ಲುವುದು ಮೇಲಣ ಶಿಥಿಲ ಶಿಲೆಯಲ್ಲಿ, ಸೀಳುಗಳಲ್ಲಿ ಮತ್ತು ಗುಳ್ಳೆಗಲ್ಲಿನಲ್ಲಿ. ಸೀಳಿಲ್ಲದ ಘನಶಿಲೆಯಲ್ಲಿ ನೀರಿಲ್ಲ. ಜೇಡಿಯಲ್ಲಿ ನೀರಿದ್ದರೂ ಅದು ಬಾವಿಗೆ ಬಿಟ್ಟುಕೊಡದು.

ಈ ಪದರಗಳು ವಿದ್ಯುತ್ತಿಗೆ ಒಡ್ಡುವ ತಡೆ ಒಂದೇ ಸಮನಾಗಿಲ್ಲ. ಈ ಗುಣಕ್ಕೆ ರೋಧಶೀಲತೆಯೆಂದು ಹೆಸರು. ಓಮ್-ಮೀಟರು ಅದರ ಮಾನ. ಘನ ಬಸಾಲ್ಟಿನ ರೋಧಶೀಲತೆ ನೂರಾರು ಓಮ್-ಮೀಟರು. ನೀರುಂಡ ಶಿಥಿಲ ಶಿಲೆಯದು ಕೆಲವು ಹತ್ತುಗಳು. ಜೇಡಿಯದು ಇನ್ನೂ ಕಡಿಮೆ. ಆದುದರಿಂದ ನೆಲದ ರೋಧಶೀಲತೆಯನ್ನು ಆಳಕ್ಕನುಸಾರವಾಗಿ ತಿಳಿದರೆ ನೀರಿನ ಸುಳಿವು ಸಿಕ್ಕೀತೆಂಬುದು ಈ ಶಾಸ್ತ್ರದ ಮೂಲತತ್ತ್ವ.

ವಿದ್ಯುತ್ಕಾಂತೀಯ ವಿಧಾನದಲ್ಲಿ ನೆಲಕ್ಕೆ ಮೊಳೆ ಹೊಡೆಯಲೇಬೇಕೆಂಬ ನಿಯಮವಿಲ್ಲ. ತಂತಿಯ ದೊಡ್ಡ ಸುತ್ತಿನಲ್ಲಿ ಪ್ರವಾಹವನ್ನು ಹರಿಸಿ ಥಟ್ಟನೆ ನಿಲ್ಲಿಸಿದರೆ, ನೆಲದೊಳಗೆ ಸುಳಿಪ್ರವಾಹಗಳು ಹುಟ್ಟಿ, ಕೆಳಕ್ಕೂ ಹೊರಕ್ಕೂ ಹರಡುತ್ತ ಕ್ಷೀಣಿಸುತ್ತವೆ. ಅವುಗಳ ಕಾಂತಕ್ಷೇತ್ರವು ಇಳಿಯುವ ಬಗೆಯನ್ನು ಮೇಲಿನಿಂದ ಅಳೆಯುವುದು ಒಂದು ಕ್ರಮ. ನಿಸರ್ಗವೇ ಒದಗಿಸುವ ಕ್ಷೇತ್ರಗಳನ್ನು ಅಳೆಯುವುದು ಇನ್ನೊಂದು ಕ್ರಮ. ಸಿಡಿಲುಗಳಿಂದಲೂ, ಸೂರ್ಯನಿಂದ ಬೀಸುವ ಕಣಗಳ ಪ್ರಭಾವದಿಂದಲೂ ಭೂಮಿಯ ಸುತ್ತಣ ಕಾಂತಕ್ಷೇತ್ರವು ಸದಾ ಕಂಪಿಸುತ್ತಿರುವುದು. ರಷ್ಯದ ಟಿಖೊನೊವ್ ೧೯೫೦ರಲ್ಲಿಯೂ ಫ್ರಾನ್ಸಿನ ಕಾನ್ಯಾರ್ ೧೯೫೩ರಲ್ಲಿಯೂ ಇದಕ್ಕೆ ತಳಹದಿ ಹಾಕಿದರು. ಕಂಪನ ನಿಧಾನವಾದಷ್ಟೂ ಅಲೆ ಆಳಕ್ಕಿಳಿಯುತ್ತದೆ. ರೋಧಶೀಲತೆಯನ್ನು ಆವೃತ್ತಿಯಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ಸುಮಾರು ೫೦೦ರಿಂದ ಗುಣಿಸಿದರೆ ಆ ಆಳ ಮೀಟರುಗಳಲ್ಲಿ ದೊರೆಯುವುದು. ೧೦೦ ಓಮ್-ಮೀಟರಿನ ನೆಲದಲ್ಲಿ ಸೆಕೆಂಡಿಗೆ ೧೦,೦೦೦ ಕಂಪನಗಳ ಅಲೆ ೫೦ ಮೀಟರು, ೧೦೦ ಕಂಪನಗಳದು ೫೦೦ ಮೀಟರು, ಒಂದೇ ಕಂಪನದ್ದು ೫ ಕಿಲೋಮೀಟರು ಮುಟ್ಟುವುದು.

ಅನುಲೋಮ ಮತ್ತು ವಿಲೋಮ

ನೆಲದ ಪದರಗಳು ಇಂತಿವೆಯೆಂದು ಮೊದಲೇ ತಿಳಿದಿದ್ದರೆ, ಉಪಕರಣವು ಏನನ್ನು ತೋರಿಸಬೇಕೆಂಬುದನ್ನು ಮ್ಯಾಕ್ಸ್‌ವೆಲ್ಲನ ಸಮೀಕರಣಗಳಿಂದ ಲೆಕ್ಕ ಹಾಕಬಹುದು. ಇದು ಅನುಲೋಮ ಗಣನೆ. ಕಾರಣದಿಂದ ಕಾರ್ಯಕ್ಕೆ ಇಳಿಯುವ ದಾರಿ. ಇದರಲ್ಲಿ ಶ್ರಮವಿದೆಯೇ ಹೊರತು ಸಂದಿಗ್ಧತೆಯಿಲ್ಲ; ಒಂದು ನೆಲಕ್ಕೆ ಒಂದೇ ಉತ್ತರ. ಉಪಕರಣದ ಅಂಕೆಗಳಿಂದ ನೆಲವನ್ನು ಕಂಡುಹಿಡಿಯುವುದು ವಿಲೋಮ ಗಣನೆ. ತರ್ಕಶಾಸ್ತ್ರದ ಹಳೆಯ ಉದಾಹರಣೆಯಲ್ಲಿ ಹೇಳುವುದಾದರೆ, ಬೆಂಕಿಯನ್ನು ಬಲ್ಲವನು ಹೊಗೆಯನ್ನು ವರ್ಣಿಸುವುದು ಅನುಲೋಮ. ಹೊಗೆಯನ್ನು ಕಂಡವನು ಬೆಂಕಿಯನ್ನು ಊಹಿಸುವುದು ವಿಲೋಮ. ಬೆಂಕಿಯಿದೆಯೆಂದು ಊಹಿಸುವುದು ಸುಲಭ. ಉರಿಯುತ್ತಿರುವುದು ಹಸಿ ಸೌದೆಯೋ ಬೆರಣಿಯೋ, ಎಷ್ಟು ದೂರದಲ್ಲಿ ಎಂಬುದನ್ನು ಹೊಗೆಯೊಂದರಿಂದಲೇ ನಿರ್ಣಯಿಸುವುದು ಕಷ್ಟ.

ಗಣಕಯಂತ್ರವು ಈ ವಿಲೋಮವನ್ನು ಸಾಧಿಸುವುದು ಅನುಲೋಮವನ್ನು ಮತ್ತೆ ಮತ್ತೆ ಮಾಡಿಯೇ. ಮೊದಲು ಒಂದು ನೆಲವನ್ನು ಕಲ್ಪಿಸಿ, ಅದರಿಂದ ಬರಬೇಕಾದ ಅಂಕೆಗಳನ್ನು ಲೆಕ್ಕ ಹಾಕಿ, ಅಳೆದ ಅಂಕೆಗಳೊಡನೆ ಹೋಲಿಸಿ, ಅಂತರ ತಗ್ಗುವಂತೆ ಕಲ್ಪಿತ ನೆಲವನ್ನು ತಿದ್ದುತ್ತದೆ. ಅಂತರವು ಮಾಪನದ ದೋಷದಷ್ಟಕ್ಕೆ ಇಳಿದಾಗ ನಿಲ್ಲಬೇಕು. ಅಳತೆಯಲ್ಲಿಯೇ ನೂರಕ್ಕೆ ಐದರಷ್ಟು ದೋಷವಿರುವಾಗ ಅದಕ್ಕಿಂತ ನಿಕಟವಾದ ಹೊಂದಿಕೆಯನ್ನು ಬಯಸಿದರೆ, ದೋಷವೇ ಶಿಲೆಯ ರೂಪ ತಾಳಿ ಚಿತ್ರದಲ್ಲಿ ಕುಳಿತುಕೊಳ್ಳುವುದು.

ಇನ್ನೂ ದೊಡ್ಡ ತೊಡಕು ಬೇರೆಯಾಗಿದೆ. ಧನಕವಡಿಯಂಥ ನೆಲದಲ್ಲಿ ೩೦ ಮೀಟರು ಆಳದಲ್ಲಿ ಘನಶಿಲೆಯ ನಡುವೆ ಒಂದು ಸುವಾಹಕ ಪದರವಿದೆಯೆಂದು ಭಾವಿಸಬಹುದು. ಅದು ೧೦ ಮೀಟರು ದಪ್ಪ, ೨೦ ಓಮ್-ಮೀಟರು ರೋಧಶೀಲತೆಯ ಪದರವಾಗಿರಬಹುದು; ಇಲ್ಲವೆ ೫ ಮೀಟರು ದಪ್ಪ, ೧೦ ಓಮ್-ಮೀಟರಿನದಾಗಿರಬಹುದು. ದಪ್ಪವನ್ನು ರೋಧಶೀಲತೆಯಿಂದ ಭಾಗಿಸಿದರೆ ಎರಡರಲ್ಲಿಯೂ ಬರುವುದು ೦.೫. ಮೇಲಿನಿಂದ ಅಳೆಯುವ ಉಪಕರಣವು ಬಹುಮಟ್ಟಿಗೆ ಈ ಭಾಗಲಬ್ಧವನ್ನು ಮಾತ್ರ ಅರಿಯುವುದು. ದಪ್ಪವನ್ನೂ ರೋಧಶೀಲತೆಯನ್ನೂ ಬೇರೆಬೇರೆಯಾಗಿ ಅರಿಯದು. ಆದರೆ ಮೊದಲನೆಯದು ನೀರುಂಡ ಗುಳ್ಳೆಗಲ್ಲು ಆಗಿರಬಹುದು. ಎರಡನೆಯದು ಬರಿಯ ಕೆಂಪು ಜೇಡಿಯಾಗಿರಬಹುದು. ಒಂದರಲ್ಲಿ ಬಾವಿ ಫಲಿಸುವುದು, ಇನ್ನೊಂದರಲ್ಲಿ ಹಣ ಮಣ್ಣುಪಾಲಾಗುವುದು. ಗಣಕಯಂತ್ರವು ಎಷ್ಟೇ ವೇಗವಾಗಿದ್ದರೂ ಈ ಸಂದೇಹವನ್ನು ತನ್ನಷ್ಟಕ್ಕೆ ಪರಿಹರಿಸಲಾರದು. ಏಕೆಂದರೆ ಸಂದೇಹವಿರುವುದು ಅಳತೆಯಲ್ಲಿಯೇ.

ಲಾಘವದ ನಿಯಮ

ಹೀಗೆ ಒಂದೇ ಅಳತೆಗೆ ಒಪ್ಪುವ ನೆಲಗಳು ಹಲವಿರುವಾಗ ಯಾವುದನ್ನು ಆರಿಸಬೇಕು? ೧೯೬೩ರಲ್ಲಿ ಮೇಲೆ ಹೇಳಿದ ಟಿಖೊನೊವನೇ ಇದಕ್ಕೊಂದು ದಾರಿ ತೋರಿದನು: ಅಳತೆಗೆ ಒಪ್ಪಬೇಕೆಂಬ ನಿಯಮದ ಜೊತೆಗೆ, ನೆಲವು ಆದಷ್ಟು ನಯವಾಗಿರಬೇಕೆಂಬ ಎರಡನೆಯ ನಿಯಮವನ್ನು ಸೇರಿಸುವುದು. ೧೯೮೭ರಲ್ಲಿ ಸ್ಟೀವನ್ ಕಾನ್‌ಸ್ಟಬಲ್, ರಾಬರ್ಟ್ ಪಾರ್ಕರ್, ಕ್ಯಾಥರೀನ್ ಕಾನ್‌ಸ್ಟಬಲ್ ಎಂಬವರು ವಿದ್ಯುತ್ಕಾಂತೀಯ ಮಾಪನಗಳಿಗೆ ಇದನ್ನು ಅನ್ವಯಿಸಿ, ಹದಿನಾಲ್ಕನೆಯ ಶತಮಾನದ ತತ್ತ್ವಜ್ಞ ಆಕಮನ ಹೆಸರನ್ನು ತಮ್ಮ ಕ್ರಮಕ್ಕೆ ಇಟ್ಟರು. ಅನಾವಶ್ಯಕವಾಗಿ ಕಲ್ಪನೆಯನ್ನು ಬೆಳೆಸಬಾರದೆಂಬುದು ಅವನ ಸೂತ್ರ. ನಮ್ಮ ವೈಯಾಕರಣರೂ ನೈಯಾಯಿಕರೂ ಇದನ್ನೇ ಲಾಘವವೆಂದರು. ಆದರೆ ಒಂದು ಮಾತನ್ನು ಮರೆಯಲಾಗದು. ಲಾಘವವು ನಮ್ಮ ವಿಚಾರಕ್ಕೆ ನಾವು ಹಾಕಿಕೊಂಡ ಕಟ್ಟಳೆ. ಪ್ರಕೃತಿಗೆ ಹಾಕಿದ ಕಟ್ಟಳೆಯಲ್ಲ. ಲಾವಾ ಪ್ರವಾಹಗಳ ಗಡಿಗಳು ಕತ್ತರಿಸಿದಂತಿದ್ದರೂ ಚಿತ್ರದಲ್ಲಿ ಅವು ಮಬ್ಬಾಗಿ ಹರಡಿಕೊಳ್ಳುತ್ತವೆ. ಆದುದರಿಂದ ವಿಲೋಮದಿಂದ ದೊರೆತುದು ನೆಲದ ಛಾಯಾಚಿತ್ರವಲ್ಲ; ಅಳತೆಗೆ ವಿರೋಧವಿಲ್ಲದ ನೆಲಗಳಲ್ಲಿ ಅತ್ಯಂತ ಸರಳವಾದುದು, ಅಷ್ಟೆ.

ಗಣನೆಯ ಭಾರವೂ ಸಾಮಾನ್ಯವಲ್ಲ. ಹಿಂದೆ ಅಳತೆಯ ವಕ್ರರೇಖೆಯನ್ನು ಅಚ್ಚಾದ ಮಾದರಿ ರೇಖೆಗಳ ಮೇಲಿಟ್ಟು ಕಣ್ಣಳತೆಯಿಂದ ಹೊಂದಿಸುತ್ತಿದ್ದರು. ೧೯೭೧ರಲ್ಲಿ ಡಿ. ಪಿ. ಘೋಷ್ ಅವರು ವಿದ್ಯುದ್ರೋಧ ಮಾಪನಗಳಿಗೆ ಸೂಚಿಸಿದ ಅಂಕಶೋಧಕಗಳಿಂದ, ಸಮತಲ ಪದರಗಳ ಲೆಕ್ಕವು ಕೆಲವೇ ಗುಣಾಕಾರ ಸಂಕಲನಗಳಿಗೆ ಇಳಿಯಿತು. ನೆಲವು ಎಲ್ಲ ದಿಕ್ಕುಗಳಲ್ಲಿಯೂ ಬದಲಾಗುವುದೆಂದು ಹಿಡಿದರೆ ಕೆಲಸ ಬೆಳೆಯುವುದು: ಉದ್ದಗಲಗಳಲ್ಲಿ ನೂರುನೂರು, ಆಳದಲ್ಲಿ ಐವತ್ತು ಭಾಗ ಮಾಡಿದರೆ ೫ ಲಕ್ಷ ಕೋಶಗಳು, ಒಂದೊಂದರಲ್ಲಿ ವಿದ್ಯುತ್‌ಕ್ಷೇತ್ರದ ಮೂರು ಘಟಕಗಳಂತೆ ೧೫ ಲಕ್ಷ ಅಜ್ಞಾತಗಳು. ಇದನ್ನು ಪ್ರತಿಯೊಂದು ಆವೃತ್ತಿಗೂ, ಪ್ರತಿಯೊಂದು ತಿದ್ದುಪಡಿಗೂ ಬಿಡಿಸಬೇಕು. ಇಂಥ ಲೆಕ್ಕಗಳಿಗೆ ಬೇಕಾದುದು ಅನೇಕ ಸಂಸ್ಕಾರಕಗಳು ಒಟ್ಟಿಗೆ ದುಡಿಯುವ ಮಹಾಗಣಕ. ಪುಣೆಯಲ್ಲಿ ೧೯೮೮ರಲ್ಲಿ ಸ್ಥಾಪನೆಗೊಂಡ ಸಿ-ಡ್ಯಾಕ್ ಸಂಸ್ಥೆಯು ೧೯೯೧ರಲ್ಲಿ ಹೊರತಂದ ಪರಮ್ ೮೦೦೦ ಈ ಜಾತಿಯದೇ.

ಬೈರಿಗೆಯ ತೀರ್ಪು

ವಿಲೋಮದ ಊಹೆಗೆ ಕೊನೆಯ ಸಾಕ್ಷಿ ಬೈರಿಗೆಯೇ. ಪುಣೆಯ ದಕ್ಷಿಣಕ್ಕೆ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ ೧೯೬೭ರ ಡಿಸೆಂಬರ್ ೧೧ರಂದು ಭೀಕರ ಭೂಕಂಪವಾಯಿತು. ಅನಂತರ ಅಲ್ಲಿಯ ಬಸಾಲ್ಟಿನ ದಪ್ಪವನ್ನೂ ಅದರ ಕೆಳಗಿನ ಶಿಲೆಯನ್ನೂ ತಿಳಿಯಲು ನಿಸರ್ಗಕ್ಷೇತ್ರದ ಮಾಪನಗಳು ನಡೆದುವು. ಬಸಾಲ್ಟಿಗಿಂತ ಕೆಳಗಿನ ಗ್ರಾನೈಟಿನ ರೋಧಶೀಲತೆ ಬಹಳ ಹೆಚ್ಚಾದುದರಿಂದ ಈ ವಿಧಾನ ಅಲ್ಲಿಗೆ ಒಪ್ಪುತ್ತದೆ. ಮುಂದೆ ಆಳವಾದ ರಂಧ್ರಗಳನ್ನು ಕೊರೆದಾಗ, ಒಂದೆಡೆ ಸುಮಾರು ೯೩೦ ಮೀಟರಿಗೆ ಬಸಾಲ್ಟು ಮುಗಿದು, ನಡುವೆ ಜಲಜಶಿಲೆಯಿಲ್ಲದೆ ನೇರವಾಗಿ ಗ್ರಾನೈಟು ಸಿಕ್ಕಿತು. ಇಂಥ ಒಂದು ರಂಧ್ರವು ಸುತ್ತಲಿನ ಎಷ್ಟೋ ಮಾಪನಗಳ ಸಂದೇಹವನ್ನು ಕಡಿಮೆ ಮಾಡುವುದು; ಒಂದು ಪದರದ ಆಳ ನಿಶ್ಚಯವಾದೊಡನೆ ಉಳಿದ ಅಜ್ಞಾತಗಳಿಗೆ ಆಡಲು ಎಡೆ ಕುಗ್ಗುವುದು.

ಕನ್ನಡನಾಡಿನ ಉದಾಹರಣೆ ಬೇರೊಂದು ಶಿಲೆಯದು. ೨೦೧೩-೧೪ರ ಸುಮಾರಿನಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿಯ ಯೋಜನೆಯಂತೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಡೆನ್ಮಾರ್ಕಿನ ತಜ್ಞರ ನೆರವಿನಿಂದ ದೇಶದ ಆರು ಕಡೆಗಳಲ್ಲಿ ಹೆಲಿಕಾಪ್ಟರಿನಿಂದ ತಂತಿಸುತ್ತನ್ನು ತೂಗುಬಿಟ್ಟು ಮಾಪನ ನಡೆಸಿತು. ಅವುಗಳಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ ಪ್ರದೇಶವೂ ಒಂದು. ನಾಗಪುರದ ಬಳಿಯ ಚಂದ್ರಭಾಗಾ ಪ್ರದೇಶವು ಬಸಾಲ್ಟು ನೆಲದ ಮಾದರಿ. ಇಂಥ ಮಾಪನದ ವಿಲೋಮದಲ್ಲಿ ನೆರೆಯ ಬಿಂದುಗಳ ಫಲಗಳು ಒಂದಕ್ಕೊಂದು ತೀರ ಭಿನ್ನವಾಗದಂತೆ ಕಟ್ಟು ಹಾಕುವುದುಂಟು. ತುಮಕೂರಿನ ಕಡೆಯ ಗಟ್ಟಿಶಿಲೆ ಅತಿ ರೋಧಕವಾದುದು; ಅದರಲ್ಲಿ ಸುಳಿಪ್ರವಾಹಗಳು ದುರ್ಬಲವಾಗಿದ್ದು ಬೇಗನೆ ಅಡಗುತ್ತವೆ. ಮೇಲಣ ಶಿಥಿಲ ಪದರದ ದಪ್ಪವನ್ನು ಗುರುತಿಸುವುದು ಸಾಧ್ಯ. ನೂರು ಮೀಟರು ಆಳದ ಅಂಗೈ ಅಗಲದ ಸೀಳನ್ನು ಆಕಾಶದಿಂದ ಕಾಣುವುದು ಆಗದ ಮಾತು. ಆದರೆ ರೈತನು ಕೊಳವೆ ಬಾವಿಯಲ್ಲಿ ಹುಡುಕುವುದು ಅಂಥ ಸೀಳನ್ನೇ.

ಧನಕವಡಿಯ ತೊಡಕು ಇನ್ನೊಂದು ಬಗೆಯದು. ಅಲ್ಲಿ ಸೆಕೆಂಡಿಗೆ ೫೦ ಕಂಪನಗಳ ಮನೆಬಳಕೆಯ ವಿದ್ಯುತ್ತು, ಹುಗಿದ ಕೊಳಾಯಿ, ಕಾಂಕ್ರೀಟಿನ ಉಕ್ಕು ಎಲ್ಲವೂ ಅಳತೆಯನ್ನು ಕೆಡಿಸುತ್ತವೆ. ಇಂಥ ಬಡಾವಣೆಯಲ್ಲಿ ಅಕ್ಕಪಕ್ಕದ ಬಾವಿಗಳನ್ನು ಕೊರೆದಾಗ ಬಂದ ಕಲ್ಲಿನ ದಾಖಲೆಯು ಒಮ್ಮೊಮ್ಮೆ ಹೊಸ ಮಾಪನಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಬರೆದಿಟ್ಟುಕೊಳ್ಳದೆ ಬಿಡುವುದೇ ದೊಡ್ಡ ನಷ್ಟ.

ಬಣ್ಣಬಣ್ಣದ ನಕ್ಷೆಯೊಂದನ್ನು ಮುಂದಿಟ್ಟು ಇಂತಿಷ್ಟು ಅಡಿಗೆ ನೀರಿದೆಯೆಂದು ಹೇಳುವ ವರದಿಯನ್ನು ಓದುವವರು ಮೂರು ಮಾತುಗಳನ್ನು ಕೇಳಬೇಕು. ಅಳತೆಯ ದೋಷವೆಷ್ಟು? ಇದೇ ಅಳತೆಗೆ ಒಪ್ಪುವ ಬೇರೆ ನೆಲಗಳಾವುವು? ಹತ್ತಿರದ ಯಾವ ಬಾವಿಯೊಡನೆ ಇದನ್ನು ಹೋಲಿಸಲಾಗಿದೆ? ಇವಕ್ಕೆ ಉತ್ತರವಿರುವ ವರದಿಯು ಬಾವಿ ತಪ್ಪಿದರೂ ಪ್ರಾಮಾಣಿಕವಾದುದು. ಅದರಿಂದ ಮುಂದಿನ ಬಾವಿಗೆ ಪಾಠ ದೊರೆಯುವುದು. ಸಾಲ ಮಾಡಿ ಬಾವಿ ಕೊರೆಯಿಸುವ ರೈತನಿಗೂ, ಕೂಡಿಟ್ಟ ಹಣವನ್ನು ಹಾಕುವ ಗೃಹಸ್ಥನಿಗೂ ಗಣಿತವು ಭರವಸೆ ಕೊಡಲಾರದು. ತಾನು ಎಷ್ಟನ್ನು ಬಲ್ಲೆನೆಂಬುದನ್ನು ಅಂಕೆಯಲ್ಲಿ ಹೇಳಬಲ್ಲುದು. ಹುತ್ತದ ಶಾಸ್ತ್ರಕ್ಕಿಂತ ಅದು ಮುಂದೆ ಬಂದಿರುವುದು ಇದೊಂದರಲ್ಲಿ.