ಎಷ್ಟು ಹೊತ್ತು ಕಾಯಬೇಕು?

ನಾನಿರುವ ಪುಣೆಯ ಹಿಂಜವಡಿಯಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲಿನದಲ್ಲ. ರ್ಯಾಕ್‌ನಲ್ಲಿ ಹಸಿರು ದೀಪ ಮಿಣುಕಿಸುತ್ತ ಗುಂಯ್‌ಗುಡುವ ಪೆಟ್ಟಿಗೆ. ಅದಕ್ಕೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಊರಿಗೆ ಹೋದಾಗ "ಅಲ್ಲಿ ಏನ್ ಕೆಲಸ ಮಾಡ್ತೀಪಾ?" ಎನ್ನುವ ಕಾಕಾನಿಗೆ ನನ್ನದು ಒಂದೇ ಉತ್ತರ: "ಎಷ್ಟೊತ್ತು ಕಾಯಬೇಕು ಅಂತ ಮಷಿನ್ನಿಗೆ ಹೇಳಿಕೊಡ್ತೀನಿ ಕಾಕಾ."

ತಮಾಷೆಯಲ್ಲ. ಅಕ್ಕಪಕ್ಕದ ಸ್ವಿಚ್‌ಗಳು ದಾರಿಯ ಸುದ್ದಿ ಹಂಚಿಕೊಳ್ಳಲು ಓಎಸ್‌ಪಿಎಫ್ ಎಂಬ ಪ್ರೋಟೊಕಾಲ್ ಇದೆ. ಈಥರ್‌ನೆಟ್‌ನಲ್ಲಿ ಅದರ ರೂಢಿಯ ಲೆಕ್ಕ 10 ಸೆಕೆಂಡಿಗೊಂದು 'ಹಲೋ'. 40 ಸೆಕೆಂಡು ಹಲೋ ಬರದಿದ್ದರೆ ನೆರೆಯವ ಸತ್ತನೆಂದೇ ತೀರ್ಮಾನ. ಆ ಟೈಮರ್‌ನ ಹೆಸರೇ 'ಡೆಡ್'. ನಮ್ಮ ಅವ್ವನದೂ ಇಂಥದೇ ಲೆಕ್ಕ. ಒಂದು ರಾತ್ರಿ ನನ್ನ ಫೋನ್ ಬರದಿದ್ದರೆ ಸುಮ್ಮನಿರುತ್ತಾಳೆ, ಎರಡನೇ ರಾತ್ರಿ ರೂಮ್‌ಮೇಟ್‌ಗೆ ಕರೆ ಹೋಗುತ್ತದೆ.

ಎರಡು ಸ್ವಿಚ್‌ಗಳ ನಡುವಿನ ಕೇಬಲ್ ನೇರವಾಗಿ ತುಂಡಾದರೆ ಟೈಮರ್ ಬೇಕಿಲ್ಲ. ಪೋರ್ಟ್ ಆರಿಹೋಗುತ್ತದೆ, ಸುದ್ದಿ ತಕ್ಷಣ ಮುಟ್ಟುತ್ತದೆ. ಕಷ್ಟ ಬರುವುದು ನಡುವೆ ಇನ್ನೊಂದು ಪೆಟ್ಟಿಗೆ ಇದ್ದಾಗ. ಅದರಾಚೆ ದಾರಿ ಮುರಿದರೂ ಈಚೆಯ ದೀಪ ಹಸಿರಾಗಿಯೇ ಇರುತ್ತದೆ. ಆಗ 40 ಸೆಕೆಂಡು ಡೇಟಾ ಹಾಳುಬಾವಿಗೆ ಸುರಿದಂತೆ.

ಒಬ್ಬ ಗ್ರಾಹಕರಿಗೆ ಇದು ಸಹಿಸಲಾಗಲಿಲ್ಲ. ಅವರದು ಹಣ ಪಾವತಿಯ ವ್ಯವಹಾರ. 40 ಸೆಕೆಂಡಿನಲ್ಲಿ ಎಷ್ಟು ಜನರ ದುಡ್ಡು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಚಿಂತೆ ನ್ಯಾಯವಾದದ್ದೇ. ಅವರ ತಂಡ ಹಲೋ 1, ಡೆಡ್ 4 ಸೆಕೆಂಡು ಎಂದು ಬದಲಿಸಿತು. ಹಗಲು ಎಲ್ಲ ಚೆಂದ. ರಾತ್ರಿ ಬ್ಯಾಕಪ್ ಶುರುವಾದೊಡನೆ ನೆರೆಯವರು ಒಬ್ಬೊಬ್ಬರಾಗಿ 'ಸಾಯ'ತೊಡಗಿದರು. ಯಾವ ಕೇಬಲ್ಲೂ ಕೆಟ್ಟಿರಲಿಲ್ಲ. ಸಿಪಿಯುಗೆ ಪುರುಸೊತ್ತಿಲ್ಲದೆ ಹಲೋ ತಡವಾಗುತ್ತಿತ್ತು, ಅಷ್ಟೇ. ಒಬ್ಬ ಸತ್ತನೆಂದರೆ ಎಲ್ಲ ಸ್ವಿಚ್‌ಗಳೂ ದಾರಿಯನ್ನು ಮತ್ತೆ ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಸಿಪಿಯು ಇನ್ನಷ್ಟು ದಣಿಯುತ್ತದೆ, ಮುಂದಿನ ಹಲೋ ಇನ್ನಷ್ಟು ತಡ. ಅವಸರದ ಟೈಮರ್ ಬದುಕಿದ್ದವರಿಗೇ ತಿಥಿ ಮಾಡಿಸುತ್ತದೆ.

ನಾವು ಸೂಚಿಸಿದ್ದು, ಓಎಸ್‌ಪಿಎಫ್ ಅನ್ನು ಅದರ 10–40ಕ್ಕೇ ಬಿಟ್ಟು ಬೇಗ ಪತ್ತೆಹಚ್ಚುವ ಕೆಲಸವನ್ನು ಬಿಎಫ್‌ಡಿಗೆ ಒಪ್ಪಿಸುವುದನ್ನು. 2010ರಲ್ಲಿ ಪ್ರಮಾಣಿತವಾದ ಈ ಪುಟ್ಟ ಪ್ರೋಟೊಕಾಲ್‌ಗೆ ದಾರಿಯ ಗೊಡವೆಯೇ ಇಲ್ಲ, 'ಇದ್ದೀಯಾ?' ಎಂದು ಕೇಳುವುದಷ್ಟೇ ಕೆಲಸ. 300 ಮಿಲಿಸೆಕೆಂಡಿಗೊಮ್ಮೆ, ಮೂರು ಸಲ ತಪ್ಪಿದರೆ 0.9 ಸೆಕೆಂಡಿಗೆ ಸುದ್ದಿ. ಕೆಲವು ಸ್ವಿಚ್‌ಗಳಲ್ಲಿ ಇದನ್ನು ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ, ಸಿಪಿಯು ದಣಿದರೂ ಚಿಂತೆಯಿಲ್ಲ. ಅವರ ಸ್ವಿಚ್ ಅಂಥದ್ದು ಎಂಬುದನ್ನು ಮೊದಲೇ ಖಾತ್ರಿ ಮಾಡಿಕೊಂಡಿದ್ದೆವು.

ಈ ಕೆಲಸದಲ್ಲಿರುವ ನಮ್ಮವರಿಗೆ ಒಂದು ಕಿವಿಮಾತು. ಬಿಜಿಪಿ ಉದಾರಿ: ಎರಡೂ ಕಡೆಯ ಹೋಲ್ಡ್ ಟೈಮ್ ಬೇರೆಬೇರೆ ಇದ್ದರೆ ಕಡಿಮೆಯದನ್ನು ಒಪ್ಪಿಕೊಳ್ಳುತ್ತದೆ. ಓಎಸ್‌ಪಿಎಫ್ ಹಟಮಾರಿ: ಹಲೋ, ಡೆಡ್ ಎರಡೂ ಸರಿಹೊಂದದಿದ್ದರೆ ನೆರೆತನವೇ ಮುರಿಯುತ್ತದೆ. ಆ ದಾರಿಯಲ್ಲೇ ಲಾಗಿನ್ ಆಗಿ ಈಚೆಯ ತುದಿಯನ್ನು ಮೊದಲು ಬದಲಿಸಿದರೆ ಕೂತ ಕೊಂಬೆಯನ್ನೇ ಕಡಿದಂತೆ. ದೂರದ ತುದಿಯನ್ನು ಮೊದಲು ಬದಲಿಸಿ. ನೆರೆತನ ಮುರಿದರೂ ಕೈಗೆಟುಕುವ ತುದಿ ನಿಮ್ಮ ಬಳಿಯೇ ಇರುತ್ತದೆ.